ರಾಘವಾಂಕನ ಹರಿಶ್ಚಂದ್ರನೂ ತ್ಯಾಗದ ಲೆಕ್ಕವೂ

ಹೊಸಪೇಟೆಯಿಂದ ಹಂಪೆಗೆ ಹೋದ ಯಾತ್ರಿಕರು ಅಲ್ಲಿಯ ಹಾಳುಬಿದ್ದ ಬಜಾರುಗಳನ್ನೂ ಮುರಿದ ಮಂಟಪಗಳನ್ನೂ ಕಂಡು, ಸಿರಿಯು ಸ್ಥಿರವಲ್ಲವೆಂಬ ಮಾತನ್ನಾಡದೆ ಹಿಂದಿರುಗುವುದು ಅಪರೂಪವು. ಆ ಮಾತು ಸುಳ್ಳಲ್ಲ. ಆದರೆ 1565ರ ಯುದ್ಧದ ತರುವಾಯ ವಿಜಯನಗರವು ತನ್ನ ಐಶ್ವರ್ಯವನ್ನು ಕಳೆದುಕೊಂಡಿತೇ ಹೊರತು ಬಿಟ್ಟುಕೊಡಲಿಲ್ಲ. ಕಳೆದುಕೊಳ್ಳುವುದು ಬೇರೆ, ಬಿಡುವುದು ಬೇರೆ. ಮೊದಲನೆಯದರಿಂದ ದುಃಖವು ಹುಟ್ಟುವುದು; ಎರಡನೆಯದರಿಂದ ಬಿಡುಗಡೆಯು ಲಭಿಸುವುದೆಂದು ಹಿರಿಯರು ಹೇಳುವರು. ಹಾಗಾದರೆ ಇದ್ದುದನ್ನೆಲ್ಲ ಬಿಟ್ಟವನು ಆ ಕ್ಷಣದಲ್ಲಿಯೇ ಹಗುರನಾಗುವನೆ? ಈ ಪ್ರಶ್ನೆಯನ್ನು ಹಂಪೆಯು ಸಾಮ್ರಾಜ್ಯದ ರಾಜಧಾನಿಯಾಗುವುದಕ್ಕೆ ಒಂದು ಶತಮಾನದಷ್ಟು ಮೊದಲೇ ಅಲ್ಲಿಯ ಕವಿಯೊಬ್ಬನು ಎತ್ತಿದನು. ರಾಘವಾಂಕನ ‘ಹರಿಶ್ಚಂದ್ರಕಾವ್ಯ’ವನ್ನು ಸತ್ಯದ ಮಹಿಮೆಯನ್ನು ಸಾರುವ ಕಾವ್ಯವೆಂದು ಎಲ್ಲರೂ ಬಲ್ಲರು. ಅದು ತ್ಯಾಗದ ಪರೀಕ್ಷೆಯೂ ಆಗಿದೆಯೆಂಬುದು ಅಷ್ಟಾಗಿ ಗಮನಕ್ಕೆ ಬಂದಂತಿಲ್ಲ.

ತ್ಯಾಗದ ಕಥೆಗಳಿಗೆ ಹಂಪೆಯಲ್ಲಿ ಕೊರತೆಯಿಲ್ಲ. ರಾಘವಾಂಕನ ಸೋದರಮಾವನೂ ಗುರುವೂ ಆದ ಹರಿಹರನು ದೋರಸಮುದ್ರದ ಹೊಯ್ಸಳರ ಆಸ್ಥಾನದಲ್ಲಿ ಕರಣಿಕನಾಗಿದ್ದು, ಆ ಉದ್ಯೋಗವನ್ನು ತೊರೆದು ವಿರೂಪಾಕ್ಷನ ಸನ್ನಿಧಿಗೆ ಬಂದನೆಂದು ಐತಿಹ್ಯವಿದೆ. ಮೂರು ಶತಮಾನಗಳಾದ ಮೇಲೆ ಪುರಂದರದಾಸರು ಬಂದರು. ಶ್ರೀನಿವಾಸನಾಯಕನೆಂಬ ಲೋಭಿ ವರ್ತಕನು ಹೆಂಡತಿಯ ಮೂಗುತಿಯ ಪ್ರಸಂಗದಿಂದ ಕಣ್ತೆರೆದು, ಸಂಪತ್ತನ್ನೆಲ್ಲ ದಾನಮಾಡಿ ದಾಸನಾದ ಕಥೆಯನ್ನು ಕನ್ನಡ ಮನೆಗಳಲ್ಲಿ ಕೇಳದ ಮಗುವಿಲ್ಲ. ವಿಠ್ಠಲ ದೇವಾಲಯದ ಸಮೀಪದಲ್ಲಿ ತುಂಗಭದ್ರೆಯ ತೀರದ ಪುರಂದರ ಮಂಟಪವು ಇಂದಿಗೂ ಆ ಹೆಸರನ್ನು ಹೊತ್ತು ನಿಂತಿದೆ. ಈ ಎರಡು ಕಥೆಗಳಲ್ಲಿಯೂ ಬಿಡುವಿಕೆಯು ಒಂದೇ ಪೆಟ್ಟಿಗೆ ಮುಗಿಯುವುದು. ಬಾಗಿಲು ದಾಟಿದವನ ಬೆನ್ನಟ್ಟಿ ಬರುವ ಸಾಲಗಾರನಿಲ್ಲ. ರಾಘವಾಂಕನಾದರೋ ಅದೇ ಬಾಗಿಲಿನಿಂದ ತನ್ನ ಕಥೆಯನ್ನು ನಿಜವಾಗಿ ಮೊದಲು ಮಾಡುವನು.

ಕಾವ್ಯದ ಸಂವಿಧಾನವನ್ನು ನೆನಪಿಗೆ ತಂದುಕೊಳ್ಳಬಹುದು. ವಿಶ್ವಾಮಿತ್ರನು ಯಾಗದ ನೆಪದಿಂದ ಹರಿಶ್ಚಂದ್ರನಲ್ಲಿ ಅಪಾರವಾದ ಹೊನ್ನನ್ನು ಬೇಡುವನು. ಅರಸನು ಕೊಡುವನು. ಮುನಿಯು ಅದನ್ನು ಒಯ್ಯದೆ, ಬೇಕಾದಾಗ ತರಿಸಿಕೊಳ್ಳುವೆನೆಂದು ಅರಸನಲ್ಲಿಯೇ ಇರಿಸಿ ಹೋಗುವನು. ಮುಂದೆ ಕಾಡಿನಲ್ಲಿ ರಾಜ್ಯವೆಲ್ಲವೂ ಮುನಿಯ ವಶವಾದಾಗ ಭಂಡಾರವೂ ಅದರೊಡನೆ ಹೋಗುವುದು. ಇರಿಸಿದ ಹೊನ್ನು ಮಾತ್ರ ಸಾಲವಾಗಿ ಉಳಿಯುವುದು. ಇದು ಮೋಸವೆಂದು ವಾಚಕರಿಗೆ ತೋರುವುದು ಸಹಜವೇ. ಅರಸನಿಗೂ ಅದು ತಿಳಿಯದೆ ಇಲ್ಲ. ಆದರೂ ರಾಜ್ಯವನ್ನು ಕೊಟ್ಟೆನಲ್ಲ, ಇನ್ನು ನನ್ನಲ್ಲಿ ಏನಿದೆ ಎಂದು ಅವನು ಕೈಕೊಡವಿಕೊಳ್ಳುವುದಿಲ್ಲ. ಕೊಟ್ಟೆನೆಂದ ವಸ್ತುವು ಪಡೆದವನ ಕೈಸೇರುವವರೆಗೆ ಕೊಟ್ಟವನ ಹೆಗಲ ಮೇಲೆಯೇ ಇರುವುದೆಂಬುದು ಅವನ ನಿಲುವು. ಸೊತ್ತನ್ನು ಬಿಡುವುದರಿಂದ ಋಣವು ಬಿಡುವುದಿಲ್ಲ. ಅಯೋಧ್ಯೆಯ ಪ್ರಜೆಗಳು ಅಳುತ್ತಿರಲು ಹೆಂಡತಿ ಮಕ್ಕಳೊಡನೆ ಬರಿಗೈಯಲ್ಲಿ ಹೊರಟವನ ಹಿಂದೆ ನಕ್ಷತ್ರಿಕನು ಹೊರಡುವನು. ಬೆನ್ನುಬಿಡದೆ ಪೀಡಿಸುವವನಿಗೆ ಅವನ ಹೆಸರೇ ಕನ್ನಡದ ಆಡುಮಾತಿನಲ್ಲಿ ನಿಂತುಹೋಗಿದೆ. ಸಂನ್ಯಾಸದ ಕಥೆಗಳಲ್ಲಿ ಕಾಣದ ಈ ಪಾತ್ರವನ್ನು ಇಷ್ಟು ಹತ್ತಿರದಿಂದ ಚಿತ್ರಿಸಿದುದು ಕವಿಯ ಲೋಕಜ್ಞಾನಕ್ಕೆ ಸಾಕ್ಷಿಯು.

ರಾಜ್ಯವನ್ನು ಅಷ್ಟು ಸುಲಭವಾಗಿ ಕೊಟ್ಟವನು ಕೊಡಲೊಪ್ಪದ ವಸ್ತುವೊಂದಿತ್ತು. ವಿಶ್ವಾಮಿತ್ರನು ಸೃಷ್ಟಿಸಿ ಕಳುಹಿದ ಇಬ್ಬರು ಅನಾಮಿಕ ಕನ್ಯೆಯರು ಹಾಡಿ ಅರಸನನ್ನು ಮೆಚ್ಚಿಸುವರು. ಆಭರಣಗಳನ್ನು ಕೊಡಹೋದರೆ ಒಲ್ಲೆವೆಂದು, ಅವನ ಮುತ್ತಿನ ಸತ್ತಿಗೆಯನ್ನು ಬೇಡುವರು. ಅದು ವಂಶದಿಂದ ಬಂದುದು, ತಾಯಿತಂದೆಗಳಿಗೆ ಸಮನಾದುದು, ಪರರಿಗೆ ಕೊಡತಕ್ಕುದಲ್ಲವೆಂದು ಅರಸನು ವಾದಿಸುವನು. ಹಾಗಾದರೆ ತಮ್ಮನ್ನು ವರಿಸೆಂದು ಅವರು ಕೇಳುವರು. ಕುಲದ ಮಾತು ಬಂದೊಡನೆ ಹರಿಶ್ಚಂದ್ರನ ಔದಾರ್ಯವು ನಿಂತುಹೋಗುವುದು. ತಮ್ಮ ಹಾಡನ್ನು ಕೇಳಿದ ಕಿವಿಗೂ ರೂಪವನ್ನು ನೋಡಿದ ಕಣ್ಣಿಗೂ ಇಲ್ಲದ ದೋಷವು ಸ್ಪರ್ಶಕ್ಕೆ ಮಾತ್ರ ಎಲ್ಲಿಂದ ಬಂದಿತೆಂದು ಅವರು ಕೇಳುವ ಪ್ರಶ್ನೆಗೆ ಅರಸನಲ್ಲಿ ಉತ್ತರವಿಲ್ಲ, ಹೊಡೆತವಿದೆ. ಅನಂತರ ಮುನಿಯು ಕೋಪದಿಂದ ಬಂದು, ಇವರನ್ನು ಮದುವೆಯಾಗೆಂದು ಒತ್ತಾಯಪಡಿಸಿದಾಗ, ಅದಕ್ಕೆ ಒಪ್ಪದೆ ರಾಜ್ಯವನ್ನೇ ಕೊಟ್ಟುಬಿಡುವನು.

ಇಲ್ಲಿ ಕವಿಯು ಒಂದು ಕಹಿಯಾದ ಸತ್ಯವನ್ನು ಕಂಡಿದ್ದಾನೆ. ದೊಡ್ಡದನ್ನು ಬಿಟ್ಟವನು ಚಿಕ್ಕದನ್ನೂ ಬಿಟ್ಟಿರುವನೆಂದು ನಂಬಲಾಗದು. ಕೆಲವು ವೇಳೆ ಒಂದನ್ನು ಬಿಡಲಾರದೆಯೇ ಮತ್ತೊಂದನ್ನು ಬಿಡುವುದುಂಟು. ಹರಿಶ್ಚಂದ್ರನ ರಾಜ್ಯತ್ಯಾಗಕ್ಕೆ ನೇರವಾದ ಕಾರಣವು ವೈರಾಗ್ಯವಲ್ಲ, ಕುಲಾಭಿಮಾನವು. ಹೊರಗಿನ ಸಿರಿಯನ್ನು ಕೊಟ್ಟು ಒಳಗಿನ ಸೊತ್ತನ್ನು ಉಳಿಸಿಕೊಂಡವನ ಚಿತ್ರವಿದು.

ಕಾಶಿಯಲ್ಲಿ ಆ ಒಳಗಿನ ಸೊತ್ತಿನ ಸರದಿಯು ಬರುವುದು. ಚಂದ್ರಮತಿಯನ್ನೂ ಲೋಹಿತಾಶ್ವನನ್ನೂ ಬ್ರಾಹ್ಮಣನೊಬ್ಬನಿಗೆ ಮಾರಿದ ಮೇಲೂ ತೀರದ ಹಣಕ್ಕಾಗಿ ಅರಸನು ತನ್ನನ್ನೇ ಮಾರಿಕೊಳ್ಳಬೇಕಾಗುವುದು. ಕೊಂಡವನು ಸುಡುಗಾಡಿನ ಒಡೆಯನಾದ ವೀರಬಾಹುಕನು. ಅನಾಮಿಕ ಕನ್ಯೆಯರ ಕೈಹಿಡಿಯಲೊಲ್ಲದೆ ಸಿಂಹಾಸನವನ್ನು ಬಿಟ್ಟವನು ಅನಾಮಿಕನ ಆಳಾಗಿ ನಿಲ್ಲುವನು. ಸಾಲವು ತೀರುವುದೂ ಕುಲದ ಹೆಮ್ಮೆಯು ಇಳಿಯುವುದೂ ಒಂದೇ ಗಳಿಗೆಯಲ್ಲಿ. ಕಾವ್ಯದ ಈ ಜೋಡಣೆಯು ಆಕಸ್ಮಿಕವೆಂದು ತಿಳಿಯುವುದಕ್ಕೆ ಅವಕಾಶವಿಲ್ಲ.

ಈ ಭಾಗದಲ್ಲಿಯೇ ಕಾವ್ಯದ ಮೇಲೆ ಬಲವಾದ ಆಕ್ಷೇಪವೊಂದನ್ನು ತರಬಹುದು. ತನ್ನ ಮಾತಿಗಾಗಿ ತನ್ನ ಸೊತ್ತನ್ನು ಬಿಡುವ ಹಕ್ಕು ಅರಸನಿಗುಂಟು; ಹೆಂಡತಿಮಕ್ಕಳು ಸೊತ್ತೆ? ತ್ಯಾಗಿಯ ಬಿಡುಗಡೆಯ ಬೆಲೆಯನ್ನು ಮನೆಯವರೇ ತೆರಬೇಕಾದುದು ಕಥೆಯಲ್ಲಿ ಮಾತ್ರವಲ್ಲ. ಬಾಲ್ಯದಲ್ಲಿ ಹರಿಶ್ಚಂದ್ರ ನಾಟಕವನ್ನು ನೋಡಿ ಅದನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಆಡಿಕೊಂಡ ಗಾಂಧೀಜಿಯವರು 1901ರಲ್ಲಿ ದಕ್ಷಿಣ ಆಫ್ರಿಕದಿಂದ ಹೊರಡುವಾಗ, ಬಂದ ಉಡುಗೊರೆಗಳನ್ನೆಲ್ಲ ಜನರ ಸೇವೆಗಾಗಿ ಟ್ರಸ್ಟಿಗೆ ಒಪ್ಪಿಸಿದರು. ಅವುಗಳಲ್ಲಿ ಕಸ್ತೂರಿಬಾ ಅವರಿಗೆ ಬಂದ ಚಿನ್ನದ ಸರವೂ ಇದ್ದಿತು. ಆಕೆ ಕಣ್ಣೀರಿಟ್ಟು ವಿರೋಧಿಸಿದರೆಂಬುದನ್ನು ಗಾಂಧೀಜಿಯವರೇ ಆತ್ಮಕಥೆಯಲ್ಲಿ ಮರೆಮಾಚದೆ ಬರೆದಿರುವರು. ಪುರಂದರದಾಸರ ಐತಿಹ್ಯವು ಈ ವಿಷಯದಲ್ಲಿ ಹೆಚ್ಚು ನ್ಯಾಯವಾದುದು. ಅಲ್ಲಿ ಮೊದಲು ಕೊಡುವವಳು ಹೆಂಡತಿಯೇ, ಕೊಡುವುದು ಅವಳ ಮೂಗುತಿಯೇ. ರಾಘವಾಂಕನು ಚಂದ್ರಮತಿಯ ದುಃಖವನ್ನು ಹೃದಯವು ಕರಗುವಂತೆ ಹಾಡಿದ್ದಾನೆ. ಆದರೆ ಆಕೆಯ ಪರವಾದ ನ್ಯಾಯವನ್ನು ಕೇಳುವವರು ಕಾವ್ಯದಲ್ಲಿ ಯಾರೂ ಇಲ್ಲ.

ಕಾವ್ಯದಲ್ಲಿ ನಡೆದುದು ಲೋಕದಲ್ಲಿ ನಡೆಯಲಾರದೆಂದು ಹೇಳುವವರಿಗೆ ಕಂಪ್ಲಿಯ ಇತಿಹಾಸವು ಉತ್ತರ ಕೊಡುವುದು. ರಾಘವಾಂಕನ ತರುವಾಯ ಸುಮಾರು ಒಂದು ಶತಮಾನಕ್ಕೆ, ದೆಹಲಿಯ ಮಹಮ್ಮದ್ ತುಘಲಕನ ವಿರುದ್ಧ ದಂಗೆಯೆದ್ದ ಬಹಾವುದ್ದೀನ್ ಗುರ್ಶಾಸ್ಪನು ಕಂಪಿಲರಾಯನಲ್ಲಿ ಆಶ್ರಯ ಬೇಡಿದನು. ಕಂಪಿಲನು ಶರಣು ಬಂದವನನ್ನು ಒಪ್ಪಿಸಲಿಲ್ಲ. ಅವನನ್ನು ದಕ್ಷಿಣಕ್ಕೆ ಸಾಗಿಸಿ, ತಾನು 1327ರ ಹೊತ್ತಿಗೆ ರಾಜ್ಯದೊಡನೆ ಪ್ರಾಣವನ್ನೂ ಕಳೆದುಕೊಂಡನು. ಅನಂತರ ಹೊಯ್ಸಳ ಬಲ್ಲಾಳನು ಅದೇ ಶರಣಾರ್ಥಿಯನ್ನು ಸುಲ್ತಾನನಿಗೆ ಒಪ್ಪಿಸಿ ತನ್ನ ರಾಜ್ಯವನ್ನು ಉಳಿಸಿಕೊಂಡನು. ರಾಜ್ಯವನ್ನು ಬಿಟ್ಟು ಮಾತನ್ನು ಉಳಿಸಿದವನೊಬ್ಬ, ಮಾತನ್ನು ಬಿಟ್ಟು ರಾಜ್ಯವನ್ನು ಉಳಿಸಿದವನೊಬ್ಬ. ಆದರೆ ಕಂಪಿಲನ ಅಂತಃಪುರದ ಸ್ತ್ರೀಯರು ಅಗ್ನಿಪ್ರವೇಶ ಮಾಡಿದರೆಂದು ಇಬ್ನ್ ಬತೂತನು ಬರೆದಿರುವುದನ್ನು ಓದಿದಾಗ, ಚಂದ್ರಮತಿಯ ಪ್ರಶ್ನೆಯೇ ಮತ್ತೆ ಎದುರು ನಿಲ್ಲುವುದು.

ಕಾವ್ಯದ ಮುಕ್ತಾಯದಲ್ಲಿ ಶಿವನು ಪ್ರತ್ಯಕ್ಷನಾಗಿ ಮಗನನ್ನೂ ರಾಜ್ಯವನ್ನೂ ಮರಳಿ ಕೊಡಿಸುವನು. ಎಲ್ಲವೂ ಮೊದಲಿನಂತಾಯಿತೆಂದು ಕೇಳುವವರಿಗೆ ಸಮಾಧಾನವಾಗುವುದು. ವಿಮರ್ಶೆಗೆ ಅಷ್ಟು ಸಮಾಧಾನವಿಲ್ಲ. ಹಿಂದಿರುಗಿ ಬರುವ ಸೊತ್ತಿನ ಭರವಸೆಯು ತ್ಯಾಗದ ತೂಕವನ್ನು ಕಡಿಮೆಮಾಡುವುದು. ಅದಕ್ಕಿಂತಲೂ ದೊಡ್ಡ ಕೊರತೆಯೆಂದರೆ, ಹೊಡೆತ ತಿಂದ ಆ ಕನ್ಯೆಯರ ಪ್ರಶ್ನೆಗೆ ಮಾತಿನಲ್ಲಿ ಉತ್ತರವು ದೊರೆಯದೆ ಹೋದುದು. ಅವರು ಮುನಿಯ ಮಾಯೆಯೆಂದು ಹೇಳಿ ಕಥೆಯು ತಪ್ಪಿಸಿಕೊಳ್ಳಬಹುದು, ಪ್ರಶ್ನೆಯು ಮಾಯೆಯಲ್ಲ. ಅದಕ್ಕೆ ಉತ್ತರವನ್ನು ಲೋಕವೇ ನಿಧಾನವಾಗಿ ಕೊಡಬೇಕಾಯಿತು. ತಿರುವಾಂಕೂರಿನ 1936ರ ಪ್ರಸಿದ್ಧ ಘೋಷಣೆಗೂ ಮುನ್ನ, ಪುಟ್ಟ ಸಂಡೂರು ಸಂಸ್ಥಾನದಲ್ಲಿ ಕುಮಾರಸ್ವಾಮಿಯ ದೇವಾಲಯದ ಬಾಗಿಲು ಹರಿಜನರಿಗೆ ತೆರೆಯಿತು. ಸತ್ತಿಗೆಯನ್ನು ಬಿಡಲಾರದ ಅರಸನ ಕಥೆಯನ್ನು ಓದಿದವರಿಗೆ, ಆ ಬಾಗಿಲನ್ನು ತೆರೆಯಲು ಬಿಡಬೇಕಾದುದು ಏನೆಂಬುದು ತಿಳಿಯದಿರದು.

ಇಷ್ಟೆಲ್ಲ ಆಕ್ಷೇಪಗಳಿದ್ದರೂ ಕಾವ್ಯದ ಮೂಲದರ್ಶನವು ಗಟ್ಟಿಯಾದುದು. ಸುಡುಗಾಡಿನಲ್ಲಿ ಸತ್ತ ಮಗನನ್ನು ತಂದ ಹೆಂಡತಿಯಿಂದಲೂ ಒಡೆಯನಿಗೆ ಸಲ್ಲಬೇಕಾದ ತೆರೆಯನ್ನು ಹರಿಶ್ಚಂದ್ರನು ಬಿಡುವುದಿಲ್ಲ. ಅದು ಕಾಠಿಣ್ಯವೆಂದು ಕಾಣುವುದು. ಆದರೆ ಆ ತೆರೆಯು ತನ್ನದಲ್ಲ. ತನ್ನದಲ್ಲದುದನ್ನು ಬಿಟ್ಟು ಉದಾರಿಯೆನಿಸಿಕೊಳ್ಳುವುದು ಅವನಿಗೆ ಬೇಕಿಲ್ಲ. ಮನೆಯ ಭಾರವನ್ನು ಇಳಿಸಿ ಹಗುರವಾಗಿ ಬಾಳಬೇಕೆಂಬ ಆಸೆಯು ಗೃಹಸ್ಥರಲ್ಲಿ ಆಗಾಗ ಹುಟ್ಟುವುದುಂಟು. ಅಂಥವರು ರಾಘವಾಂಕನನ್ನು ಓದಿದರೆ, ಬಿಡತಕ್ಕ ವಸ್ತುಗಳ ಪಟ್ಟಿಯನ್ನು ಬರೆಯುವುದಕ್ಕೆ ಮೊದಲು ಸಲ್ಲಿಸತಕ್ಕ ಬಾಕಿಗಳ ಪಟ್ಟಿಯನ್ನು ಬರೆಯುವರು. ಎರಡರಲ್ಲಿಯೂ ಮನೆಯವರ ಮಾತನ್ನು ಕೇಳುವರು.