ಲೇತಿನ ಊರಲ್ಲಿ ಮರದ ಬುಗುರಿ

ಹರಿಹರಕ್ಕೂ ಲೇತಿಗೂ ನಂಟು ಹಳೆಯದು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳು ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ ತಿರುಗಿದವು. ಅಲ್ಲಿನ ಬಡಾವಣೆಯ ಹೆಸರೇ ಯಂತ್ರಪುರ. ಕಾರ್ಖಾನೆ ಮಾತ್ರ ಈಗಿಲ್ಲ.

ಆ ಲೇತುಗಳು ಕಡೆದದ್ದು ಕಬ್ಬಿಣವನ್ನು. ಮರದ ಲೇತಿನ ಗತ್ತೇ ಬೇರೆ: ಇಲ್ಲಿ ಉಳಿ ಹಿಡಿಯುವುದು ಯಂತ್ರವಲ್ಲ, ಕೈ. ಆಸರೆಪಟ್ಟಿಯ ಮೇಲೆ ಉಳಿ ಊರಿ, ತಿರುಗುವ ತುಂಡಿಗೆ ಮೆಲ್ಲಗೆ ತಾಗಿಸಿದರೆ ಸಿಪ್ಪೆ ಸುರುಳಿಸುರುಳಿಯಾಗಿ ಏಳುತ್ತದೆ. ಅಂಚು ಮೊಂಡಾಗಿದ್ದರೆ ಬರೀ ಪುಡಿ. ಮರದ ಗೊಂಬೆ ಕಡೆಯುವ ಚನ್ನಪಟ್ಟಣದವರು ಹಾಲೆ ಮರಕ್ಕೆ ಮನಸೋತದ್ದು ಅದರ ಮೆದುತನಕ್ಕೆ, ಬಿಳುಪಿಗೆ, ನಯಕ್ಕೆ. ತುಂಡು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಹತ್ತುತ್ತದೆ. ಮೇಲೆ ಕೇದಗೆಯ ಗರಿ ತೀಡಿದರೆ ಹೊಳಪು. ಬ್ರಶ್ಶು ಬೇಡ, ಒಣಗಲಿ ಎಂದು ಕಾಯುವುದೂ ಬೇಡ!

ಹರಿಹರದ ಪಕ್ಕದ ದಾವಣಗೆರೆಯ ಯಾವುದೋ ಮನೆಯ ಶೆಡ್ಡಿನಲ್ಲಿ ಹವ್ಯಾಸಿಗಳು ಭಾನುವಾರ ಕೂಡುವುದಾದರೆ, ಹೂದಾನಿಯ ಆಸೆ ಬಿಟ್ಟು ಬುಗುರಿಯಿಂದ ತೊಡಗುವುದು ಜಾಣತನ. ಬೇಕಾದದ್ದು ಒಣಗಿದ, ಬಿರುಕಿಲ್ಲದ ತುಂಡು, ಕಣ್ಣಿಗೆ ಕನ್ನಡಕ. ಸೆರಗು, ಜೋಲುವ ತೋಳು ಬಿಗಿಯಾಗಿರಲಿ. ಒಬ್ಬರು ಕಡೆಯುವಾಗ ಉಳಿದವರು ತುಂಡು ಸಿಡಿಯಬಹುದಾದ ನೇರದಿಂದ ಪಕ್ಕಕ್ಕೆ ಸರಿದು ನಿಲ್ಲಬೇಕು. ಬೆಣ್ಣೆದೋಸೆಯ ಸರದಿ ಕೆಲಸ ಮುಗಿದ ಮೇಲೆ. ಮೊದಲೇ ತಿಂದರೆ ಉಳಿಯ ಹಿಡಿ ಜಾರೀತು.