ಹಳಸಿದ ಪಾಯಿಂಟರಿನ ದುರಸ್ತಿ

ಮೆಮೊರಿಯಲ್ಲಿರುವ ವಸ್ತುವೊಂದರ ವಿಳಾಸವನ್ನು ಹಿಡಿದಿಡುವ ಚರಕ್ಕೆ ಪಾಯಿಂಟರ್ ಎಂದು ಹೆಸರು. ವಸ್ತು ತೆರವಾದ ಮೇಲೂ ಅದೇ ವಿಳಾಸವನ್ನು ನಂಬಿರುವ ಪಾಯಿಂಟರು ಹಳಸಿದ ಪಾಯಿಂಟರು. ದಾವಣಗೆರೆಯ ನಿಟ್ಟುವಳ್ಳಿಯ ಬಾಡಿಗೆ ಮನೆ ಬಿಟ್ಟುಹೋದವರ ಪತ್ರ ಹಳೆಯ ವಿಳಾಸಕ್ಕೇ ಬಂದು, ಹೊಸದಾಗಿ ಸೇರಿದವರ ಕೈಗೆ ಸಿಗುವಂತಹ ಪ್ರಮಾದವಿದು. ಗಣಕದ ಎಲ್ಲ ಅಧಿಕಾರವೂ ಇರುವ ಕರ್ನಲ್‌ನೊಳಗೆ ಇದು ನಡೆದರೆ ಸಾಮಾನ್ಯ ಬಳಕೆದಾರನೂ ಯಂತ್ರದ ಒಡೆಯನಾಗಬಲ್ಲನು.

2023ರ ಜೂನ್‌ನಲ್ಲಿ ಪೀಕಿಂಗ್ ವಿಶ್ವವಿದ್ಯಾಲಯದ ರುಯ್‌ಹಾನ್ ಲಿ ವರದಿ ಮಾಡಿದ, ಮುಂದೆ 'ಸ್ಟ್ಯಾಕ್‌ರಾಟ್' ಎಂದು ಹೆಸರಾದ ದೋಷ ಇಂತಹದೇ. ಪ್ರೋಗ್ರಾಮೊಂದರ ಮೆಮೊರಿ ವಲಯಗಳ ಪಟ್ಟಿಯನ್ನು ಲಿನಕ್ಸ್ ಕರ್ನಲ್‌ನ 6.1ನೇ ಆವೃತ್ತಿಯಿಂದ ಮೇಪಲ್ ಟ್ರೀ ಎಂಬ ಹೊಸ ರಚನೆಯಲ್ಲಿ ಇಡಲಾಯಿತು. ಪ್ರೋಗ್ರಾಮಿನ ಫಂಕ್ಷನ್ ಕರೆಗಳ ಲೆಕ್ಕವಿಡುವ ಸ್ಟ್ಯಾಕ್ ಎಂಬ ವಲಯ ಬೆಳೆಯುವಾಗ ಬರಿಯ ಓದುವ ಬೀಗ, ಅಂದರೆ ಹಲವರು ಒಟ್ಟಿಗೆ ಹಿಡಿಯಬಹುದಾದ ಬೀಗ, ಸಾಕೆಂಬ ವಿನಾಯಿತಿ ಮೊದಲಿನಿಂದಲೂ ಇತ್ತು. ಹಳೆಯ ರಚನೆಯಲ್ಲಿ ವಲಯದ ಆರಂಭದ ವಿಳಾಸವಷ್ಟೇ ಇದ್ದಲ್ಲೇ ಬದಲಾಗುತ್ತಿದ್ದುದರಿಂದ ಅದು ನಡೆದುಹೋಗುತ್ತಿತ್ತು. ಮೇಪಲ್ ಟ್ರೀಯಾದರೋ ಕೆಲವು ಸಂದರ್ಭಗಳಲ್ಲಿ ಹಳೆಯ ನೋಡನ್ನು, ಅಂದರೆ ಮರದ ಒಂದು ಗಂಟನ್ನು, ತೆಗೆದು ಹೊಸದನ್ನು ಕೂರಿಸುತ್ತದೆ. ಹಳೆಯ ನೋಡನ್ನು ಓದುತ್ತಿರುವವರು ಮುಗಿಸುವವರೆಗೆ ಕಾದು ಬಿಡುಗಡೆ ಮಾಡುವ ಆರ್‌ಸಿಯು ಎಂಬ ವ್ಯವಸ್ಥೆಯಿದ್ದರೂ, ಓದುವ ಬೀಗವನ್ನಷ್ಟೇ ಹಿಡಿದವರು ಅದರ ಲೆಕ್ಕಕ್ಕೆ ಬರುತ್ತಿರಲಿಲ್ಲವಾದ್ದರಿಂದ ಅವರ ಕೈಯಲ್ಲಿ ಹಳಸಿದ ಪಾಯಿಂಟರು ಉಳಿಯುತ್ತಿತ್ತು.

ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ ಮುಂದಾಳತ್ವದಲ್ಲಿ ರೂಪುಗೊಂಡ ಪರಿಹಾರದ ಸೊಗಸು ಇರುವುದು ವಿನಾಯಿತಿಯನ್ನೇ ತೆಗೆದುಹಾಕಿದ್ದರಲ್ಲಿ: ಸ್ಟ್ಯಾಕ್ ಬೆಳೆಸಬೇಕಾದರೆ ಇನ್ನು ಮುಂದೆ ಬರೆಯುವ ಬೀಗವನ್ನೇ, ಅಂದರೆ ಒಬ್ಬರೇ ಹಿಡಿಯಬಲ್ಲ ಬೀಗವನ್ನೇ, ಪಡೆಯಬೇಕು. ಇದಕ್ಕಾಗಿ ಬರೆದ 'ಲಾಕ್_ಎಂಎಂ_ಅಂಡ್_ಫೈಂಡ್_ವಿಎಂಎ' ಎಂಬ ಫಂಕ್ಷನ್ ಮೊದಲು ಓದುವ ಬೀಗದಲ್ಲಿ ವಲಯವನ್ನು ಹುಡುಕುತ್ತದೆ. ಬೆಳೆಸುವ ಅಗತ್ಯ ಕಂಡರೆ ಆ ಬೀಗವನ್ನು ಬರೆಯುವ ಬೀಗವಾಗಿ ಏರಿಸಲು ಯತ್ನಿಸುತ್ತದೆ. ಅದು ಸಾಧ್ಯವಾಗದಿದ್ದರೆ ಬೀಗ ಬಿಟ್ಟು, ಬರೆಯುವ ಬೀಗ ಹಿಡಿದು, ವಲಯವನ್ನು ಮತ್ತೊಮ್ಮೆ ಹುಡುಕುತ್ತದೆ, ಏಕೆಂದರೆ ನಡುವಿನ ಕ್ಷಣದಲ್ಲಿ ಮೊದಲು ಸಿಕ್ಕ ಪಾಯಿಂಟರೂ ಹಳಸಿರಬಹುದು. ಈ ಮರುಹುಡುಕಾಟದ ಸಾಲೇ ಇಡೀ ದುರಸ್ತಿಯಲ್ಲಿ ಅತ್ಯಂತ ಮನನೀಯವಾದುದು. ಇನ್ನೂ ಒದಗದ ಮೆಮೊರಿಯನ್ನು ಪ್ರೋಗ್ರಾಮ್ ಮುಟ್ಟಿದಾಗ ಏಳುವ ಪುಟದೋಷವನ್ನು (ಪೇಜ್ ಫಾಲ್ಟ್) ನಿರ್ವಹಿಸುವ, ಬೇರೆ ಬೇರೆ ಪ್ರೊಸೆಸರ್ ಬಗೆಗಳ ಕೋಡನ್ನೆಲ್ಲ ಇದಕ್ಕೆ ಹೊಂದಿಸಬೇಕಾಗಿ ಬಂದುದರಿಂದ ಕೆಲಸಕ್ಕೆ ಸುಮಾರು ಎರಡು ವಾರ ಹಿಡಿಯಿತು, ಪರಿಹಾರವು 6.1.37, 6.3.11 ಮತ್ತು 6.4.1 ಆವೃತ್ತಿಗಳಿಗೂ ತಲುಪಿತು.

ಓದುವ ದಾರಿಗಷ್ಟೇ ತೇಪೆ ಹಾಕಿ ಮುಗಿಸಬಹುದಾಗಿದ್ದ ದೋಷವನ್ನು ಬೇರಿನಿಂದ ಕಿತ್ತ ಈ ಬದಲಾವಣೆ, ಕರ್ನಲ್ ಕೋಡಿನ ರಸಿಕರು ಸಾಲು ಸಾಲಾಗಿ ಓದಬೇಕಾದುದು. ದಾವಣಗೆರೆಯ ಬಿಐಇಟಿ, ಯುಬಿಡಿಟಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಆಪರೇಟಿಂಗ್ ಸಿಸ್ಟಮ್ ಪಠ್ಯದ ಬೀಗಗಳ ಅಧ್ಯಾಯ ಮುಗಿದ ವಾರವೇ ಇದಕ್ಕೆ ತಕ್ಕ ಸಮಯ, 6.5ರ ಮೂಲಕೋಡಿನಲ್ಲಿ ಈ ಫಂಕ್ಷನ್ 'ಎಂಎಂ' ಕೋಶದ 'ಮೆಮೊರಿ.ಸಿ' ಕಡತದಲ್ಲಿದೆ.