ಕಬಡ್ಡಿ ವಿವರಣೆಯ ಐದು ಮಾತು: ಒಂದು ವ್ಯಾಖ್ಯಾನ

ಮೂಲ: “ಡು ಆರ್ ಡೈ ರೈಡ್. ಕೋರ್ಟಿನಲ್ಲಿ ಮೂವರೇ. ಇನ್ನು ಎಂಟು ಸೆಕೆಂಡು. ಎಡ ಕಾರ್ನರ್ ಕಾಲಿಗೆ ಬಿದ್ದ. ಸೂಪರ್ ಟ್ಯಾಕಲ್!”

ಟಿ.ವಿ.ಯ ಕನ್ನಡ ವೀಕ್ಷಕ ವಿವರಣೆಯ ಧಾಟಿಯಲ್ಲಿ ಮಾದರಿಗೆಂದು ಕಟ್ಟಿದ ಮಾತು ಇದು. ಕೇಳುಗರು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಹನುಮಸಾಗರದಂಥ ಊರಿನವರು, ಅಂದರೆ ಮಣ್ಣಿನ ಅಂಗಳದಲ್ಲಿ ತಾವೇ ಮೊಣಕಾಲು ತರಚಿಕೊಂಡು ಆಡಿದವರು ಎಂದು ಭಾವಿಸತಕ್ಕದ್ದು. ಇಂಥವರಿಗೆ ಕಣ್ಣು ಕಂಡದ್ದನ್ನೇ ಕಿವಿಗೆ ಮತ್ತೆ ಹೇಳುವುದು ವ್ಯರ್ಥ. ಆಟದೊಳಗೆ ಅಡಗಿದ ಲೆಕ್ಕವನ್ನು ಹೊರತೆಗೆದು ತೋರುವುದೇ ವಿವರಣಕಾರನ ಕೆಲಸ.

“ಡು ಆರ್ ಡೈ ರೈಡ್” ಎಂಬುದು, ಒಂದು ತಂಡ ಎರಡು ಬಾರಿ ಅಂಕವಿಲ್ಲದೆ ಮರಳಿದ ಮೇಲಿನ ಮೂರನೆಯ ರೈಡು. ಇದರಲ್ಲಿ ರೈಡರ್ ಅಂಕ ತರಲೇಬೇಕು. ತಾರದಿದ್ದರೆ ತಾನೇ ಔಟು, ಎದುರಾಳಿಗೆ ಒಂದಂಕ. ಸಾಧಾರಣ ರೈಡಿನಲ್ಲಿ ಬಾಕ್ ಗೆರೆಯನ್ನು, ಎಂದರೆ ನಡುಗೆರೆಯಿಂದ 3.75 ಮೀಟರ್ ಆಚೆಗಿರುವ ಗೆರೆಯನ್ನು, ದಾಟಿ ಬಂದರೆ ಸಾಕು, ಪ್ರಾಣ ಉಳಿಯುತ್ತದೆ. ಇಲ್ಲಿ ಅದು ಸಾಲದು. ತೆರೆಯ ಮೇಲೆ ಕಾಣುವ ಓಟ ಎರಡರಲ್ಲಿಯೂ ಒಂದೇ. ಭೇದ ಇರುವುದು ಹಿಂದಿನ ಎರಡು ರೈಡುಗಳ ನೆನಪಿನಲ್ಲಿ. ಆದಕಾರಣ ಈ ಮಾತು ಮೊದಲು ಬಂದಿದೆ.

“ಮೂವರೇ” ಎಂಬಲ್ಲಿಯ ಅವಧಾರಣೆಯ ಏಕಾರವನ್ನು ಗಮನಿಸಬೇಕು. ಮೂವರಿದ್ದಾರೆಂಬುದನ್ನು ನೋಡುಗನೇ ಎಣಿಸಬಲ್ಲ; ಅದರಿಂದ ಹುಟ್ಟುವ ಫಲ ಕಾಣದು. ಆ ಫಲ ಎರಡು ಬಗೆ. ಬೋನಸ್ ಗೆರೆ ಜೀವಂತವಾಗಿರಲು ಅಂಗಳದಲ್ಲಿ ಆರು ಅಥವಾ ಹೆಚ್ಚು ಮಂದಿ ಬೇಕು; ಆದ್ದರಿಂದ ರೈಡರನಿಗೆ ಆ ಸುಲಭದ ದಾರಿ ಮುಚ್ಚಿದೆ, ಯಾರನ್ನಾದರೂ ಮುಟ್ಟದೆ ಅಂಕವಿಲ್ಲ. ಇತ್ತ ಮೂವರು ಅಥವಾ ಕಡಿಮೆ ಮಂದಿ ಹಿಡಿದರೆ ಒಂದರ ಬದಲು ಎರಡಂಕ. ಓಡಿಹೋಗಲಾರದವನೂ ಹಿಡಿಯಲು ಹಸಿದವರೂ ಎದುರುಬದುರಾದರು ಎಂಬುದು ತಾತ್ಪರ್ಯ. ಐದು ಮಾತುಗಳಲ್ಲಿ ಸಾರವತ್ತಾದದ್ದು ಇದೇ. ಇದನ್ನು ಬಿಟ್ಟು ಬರಿದೆ ಕೂಗುವ ವಿವರಣೆ ಪ್ರೇಕ್ಷಕನಿಗೆ ಮಾಡುವ ಅನ್ಯಾಯ.

“ಇನ್ನು ಎಂಟು ಸೆಕೆಂಡು”: ರೈಡಿನ ಅವಧಿ 30 ಸೆಕೆಂಡು. ಗಡಿಯಾರ ತೆರೆಯ ಮೇಲಿದ್ದರೂ ನೋಟ ಆಟಗಾರನ ಕಾಲ ಮೇಲಿರುವುದರಿಂದ ಇದು ಪುನರುಕ್ತಿಯಲ್ಲ.

“ಎಡ ಕಾರ್ನರ್” ಎಂದರೆ ಎಡ ಮೂಲೆಯ ಕಾವಲಿನವನು. “ಕಾಲಿಗೆ ಬಿದ್ದ” ಎಂದರೆ ಮುಂದಕ್ಕೆ ನೆಗೆದು ರೈಡರನ ಹರಡನ್ನು ಎರಡು ಕೈಯಿಂದ ಬಿಗಿಹಿಡಿದ, ಆಂಕಲ್ ಹೋಲ್ಡ್ ಹಾಕಿದ ಎಂದರ್ಥ. ಕರ್ತೃ ಇಲ್ಲಿ ಹಿಡಿದವನು, ಹಿಡಿಸಿಕೊಂಡವನಲ್ಲ. 2019ರ ಜನವರಿ 5ರಂದು ಮುಂಬಯಿಯಲ್ಲಿ ಬೆಂಗಳೂರು ಬುಲ್ಸ್ ಗುಜರಾತನ್ನು 38-33ರಿಂದ ಮಣಿಸಿ ಪ್ರೊ ಕಬಡ್ಡಿ ಪ್ರಶಸ್ತಿ ಗೆದ್ದಾಗ ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದರು. ಅಂಥ ದಿನ ರೈಡರನ ಹೆಸರೇ ಎಲ್ಲರ ಬಾಯಲ್ಲಿರುವುದು ಸಹಜ, ನ್ಯಾಯವೂ ಹೌದು. ಆದರೆ ಉಳಿದ 16 ಅಂಕಗಳಿಲ್ಲದೆ ಆ ಗೆಲುವಿಲ್ಲ. ಮೂಲೆಯವನನ್ನು ಕರ್ತೃವಾಗಿಸಿದ ಈ ವಾಕ್ಯ ಆ ಋಣವನ್ನು ಬಲ್ಲದು.

“ಸೂಪರ್ ಟ್ಯಾಕಲ್” ಎಂಬುದು “ಮೂವರೇ” ಎಂಬುದರ ಫಲಶ್ರುತಿ. ಅಲ್ಲಿ ಬಿತ್ತಿದ್ದು ಇಲ್ಲಿ ಬೆಳೆಯಿತು. ಮುಂಚೆ ಎಣಿಕೆ ಹೇಳದಿದ್ದರೆ ಈ ಕೂಗು ಬರಿಯ ಸದ್ದಾಗುತ್ತಿತ್ತು. ಇದಾದ ಕೂಡಲೇ ದನಿ ನಿಲ್ಲಬೇಕು, ಕ್ರೀಡಾಂಗಣದ ಗದ್ದಲ ಕೇಳಿಸಬೇಕು. ವಿಶ್ಲೇಷಣೆಗೆ ಮರುಪ್ರಸಾರದ ಹೊತ್ತು ಇದ್ದೇ ಇದೆ.

ವಾಕ್ಯದಲ್ಲಿ ಒಂದು ನ್ಯೂನತೆಯುಂಟು. ಹಿಡಿತದಿಂದ ಎರಡಂಕ ಬಂದರೂ ಔಟಾಗಿ ಹೊರಗೆ ಕುಳಿತವರಲ್ಲಿ ಒಬ್ಬನೇ ಒಳಬರುತ್ತಾನೆ, ಏಕೆಂದರೆ ಹೆಚ್ಚುವರಿ ಅಂಕಕ್ಕೆ ಆಟಗಾರನನ್ನು ಬದುಕಿಸುವ ಶಕ್ತಿಯಿಲ್ಲ. ಮೂವರು ನಾಲ್ವರಾದರು, ಮುಂದಿನ ರೈಡಿಗೆ ಸೂಪರ್ ಟ್ಯಾಕಲ್ ಇಲ್ಲ. ಇದನ್ನು ಆರನೆಯ ಮಾತಾಗಿ, ಮುಂದಿನ ರೈಡರ್ ನಡುಗೆರೆ ದಾಟುವುದರೊಳಗೆ, ಹೇಳಬೇಕಾಗಿತ್ತು.